ನಾವು ಇಲ್ಲಿಯವರೋ, ಹೊರಗಿನವರೋ?
(ಪೌರನೀತಿಯ ಒಂದು ಪಾಠ)



ಒಂಬತ್ತನೆಯ ಇಯತ್ತೆಯಲ್ಲಿ ಪೌರನೀತಿಯ ಪಾಠ ನಡೆದಿತ್ತು. ನಮ್ಮ ಸಂವಿಧಾನವು ಕೊಟ್ಟಿರುವ ಮೂಲಭೂತ ಹಕ್ಕುಗಳನ್ನು ಹಲಗೆಯ ಮೇಲೆ ಬರೆದು ಮುಗಿಸಿದ್ದೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಈ ಹಕ್ಕು ನಮಗೂ ಅದಾವೇನ್ರಿ?" ಎಂದು ಕೇಳಿದ. ಕೆಲವರು ನಕ್ಕರು. ಅವನು ನಗಲಿಲ್ಲ. "ಮೊನ್ನೆ ನಳದ ಹತ್ತಿರ ಜಗಳ ಆದಾಗ ನಮ್ಮವ್ವಗ 'ನೀವು ಭಾಯ್ಲೆ, ನಿಮ್ಮೂರಿಗೆ ಹೋಗ್ರಿ' ಅಂದ್ರು ಸರ್" ಎಂದ. ಭಾಯ್ಲೆ ಎಂದರೆ ಹೊರಗಿನವರು ಎಂಬುದು ಇಲ್ಲಿ ಬೆಳೆದ ನಿಮಗೆಲ್ಲ ಗೊತ್ತಿದ್ದದ್ದೇ. ತರಗತಿ ಒಮ್ಮೆಲೇ ಸುಮ್ಮನಾಯಿತು.

ಆ ಹುಡುಗನ ಪ್ರಶ್ನೆಗೆ ಅಂದು ಗಂಟೆ ಬಾರಿಸುವುದರೊಳಗೆ ಪೂರ್ಣ ಉತ್ತರ ಕೊಡಲಾಗಲಿಲ್ಲ. ಅದನ್ನು ಈ ಲೇಖನದ ಮೂಲಕ ಕೊಡಲು ಯತ್ನಿಸುತ್ತೇನೆ.

ಗೋವೆಗೆ ಹಕ್ಕುಗಳು ಬಂದ ಬಗೆ

ಮೊದಲು ನಾವು ನಿಂತಿರುವ ನೆಲದ ಕಥೆಯನ್ನೇ ನೋಡೋಣ. ಪೋರ್ತುಗೀಜರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಗೋವೆಯಲ್ಲಿ ಸರಕಾರದ ಅಪ್ಪಣೆಯಿಲ್ಲದೆ ಸಭೆ ಸೇರುವಂತಿರಲಿಲ್ಲ. ಪತ್ರಿಕೆಗಳು ಸೆನ್ಸಾರ್ ಆಗದೆ ಅಚ್ಚಾಗುವಂತಿರಲಿಲ್ಲ. ೧೯೪೬ನೆಯ ಜೂನ್ ೧೮ರಂದು ಡಾ. ರಾಮಮನೋಹರ ಲೋಹಿಯಾ ಅವರು ಮಡಗಾಂವಿಯಲ್ಲಿ ಈ ನಿರ್ಬಂಧವನ್ನು ಮುರಿದು ಸಭೆಯಲ್ಲಿ ಮಾತನಾಡಲು ನಿಂತರು, ಬಂಧಿತರಾದರು. ಆ ಸ್ಥಳವೇ ಇಂದಿನ ಲೋಹಿಯಾ ಮೈದಾನ. ಪಣಜಿಯ 'ಜೂನ್ ೧೮ ರಸ್ತೆ'ಗೆ ಆ ಹೆಸರು ಬಂದದ್ದೂ ಅದೇ ದಿನದಿಂದ. ಅಂದು ಅವರು ಕೇಳಿದ್ದು ನಾಗರಿಕ ಸ್ವಾತಂತ್ರ್ಯವನ್ನು: ಬಾಯಿ ತೆರೆದು ಮಾತನಾಡುವ, ನಾಲ್ಕು ಜನ ಒಂದೆಡೆ ಸೇರುವ ಹಕ್ಕನ್ನು.

೧೯೬೧ರ ಡಿಸೆಂಬರ್ ೧೯ರಂದು ಗೋವೆ ವಿಮೋಚನೆಗೊಂಡಿತು. ೧೯೬೨ರ ಸಂವಿಧಾನದ ಹನ್ನೆರಡನೆಯ ತಿದ್ದುಪಡಿಯು ಗೋವಾ, ದಮನ್ ಮತ್ತು ದಿಯುಗಳನ್ನು ಕೇಂದ್ರಾಡಳಿತ ಪ್ರದೇಶವನ್ನಾಗಿ ಭಾರತದ ನಕ್ಷೆಯೊಳಗೆ ಸೇರಿಸಿತು. ಆದರೆ ನೆಲ ಸೇರಿದ ಮಾತ್ರಕ್ಕೆ ಜನರ ಪೌರತ್ವ ತೀರ್ಮಾನವಾಗುವುದಿಲ್ಲ. ಅದಕ್ಕಾಗಿ ೧೯೬೨ರ ಮಾರ್ಚಿಯಲ್ಲಿ ಪ್ರತ್ಯೇಕ ಪೌರತ್ವ ಆಜ್ಞೆಯೊಂದು ಹೊರಟಿತು. ೧೯೬೧ರ ಡಿಸೆಂಬರ್ ೨೦ಕ್ಕಿಂತ ಮೊದಲು ಈ ಪ್ರದೇಶಗಳಲ್ಲಿ ಹುಟ್ಟಿದವರು, ಅಥವಾ ಯಾರ ತಂದೆ, ತಾಯಿ, ಅಜ್ಜ, ಅಜ್ಜಿಯರಲ್ಲಿ ಒಬ್ಬರಾದರೂ ಇಲ್ಲಿ ಹುಟ್ಟಿದ್ದರೋ ಅವರು, ಆ ದಿನದಿಂದ ಭಾರತದ ನಾಗರಿಕರು ಎಂದು ಅದು ಸಾರಿತು. ಹಳೆಯ ಪೌರತ್ವವೇ ಬೇಕೆಂದವರಿಗೆ ಹಾಗೆಂದು ಬರೆದುಕೊಡಲು ಒಂದು ತಿಂಗಳ ಅವಕಾಶವಿತ್ತು.

ಹಾಗೆ ಬರೆದುಕೊಟ್ಟವರಲ್ಲಿ ಗೋವೆಯವರೇ ಆದ ಧರ್ಮಗುರು ಮೊಂತೆರೊ ಎಂಬವರೊಬ್ಬರು. ಪೋರ್ತುಗೀಜ ಪೌರರಾಗಿ ಉಳಿದ ಅವರು, ವಾಸದ ಪರವಾನಗಿ ಮುಗಿದ ಮೇಲೂ ಇಲ್ಲಿಯೇ ಇದ್ದರೆಂದು ಮೊಕದ್ದಮೆ ನಡೆಯಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ೧೯೬೯ರಲ್ಲಿ ನ್ಯಾಯಾಲಯವು ಅವರ ಮೇಲ್ಮನವಿಯನ್ನು ಒಪ್ಪಲಿಲ್ಲ. ಈ ಪ್ರಸಂಗದಲ್ಲಿ ನಮಗೊಂದು ಪಾಠವಿದೆ. ಇದೇ ಮಣ್ಣಿನವರಾದರೂ ಪರದೇಶದ ಪೌರತ್ವ ಆರಿಸಿಕೊಂಡವರಿಗೆ ಇಲ್ಲಿ ನೆಲೆಸುವ ಹಕ್ಕು ಉಳಿಯಲಿಲ್ಲ. ಅಂದ ಮೇಲೆ ಈ ಹಕ್ಕು ಬರುವುದು ಮಣ್ಣಿನಿಂದಲ್ಲ, ಪೌರತ್ವದಿಂದ. ಬಾಗಲಕೋಟೆಯಲ್ಲಿಯೋ ಕೊಪ್ಪಳದಲ್ಲಿಯೋ ಹುಟ್ಟಿದ ಭಾರತೀಯ ನಾಗರಿಕನಿಗೆ ಆ ಹಕ್ಕು ಉಂಟು.

ನಮ್ಮಲ್ಲಿ ಕೆಲವರು, "ಗೋವೆಯನ್ನು ಕದಂಬರು ಆಳಿದ್ದರು, ಅವರ ಕನ್ನಡ ಶಾಸನಗಳಿವೆ, ಆದ್ದರಿಂದ ನಾವು ಹೊರಗಿನವರಲ್ಲ" ಎಂದು ವಾದಿಸುವುದುಂಟು. ಇತಿಹಾಸದ ಬಗ್ಗೆ ಅಭಿಮಾನ ಇರಲಿ. ಆದರೆ ಅಂಥ ವಾದ ನಮಗೆ ಬೇಕಾಗಿಯೇ ಇಲ್ಲ. ಕದಂಬರು ಇತ್ತ ಬಾರದೆ ಇದ್ದಿದ್ದರೂ ನಮ್ಮ ಹಕ್ಕಿನಲ್ಲಿ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಅಮೆರಿಕದ ಎರಡು ಪೌರತ್ವ, ನಮ್ಮ ಒಂದೇ ಪೌರತ್ವ

ಅಮೆರಿಕದ ಸಂವಿಧಾನ ಸಿದ್ಧವಾದದ್ದು ೧೭೮೭ರಲ್ಲಿ. ಜನರ ಹಕ್ಕುಗಳನ್ನು ಹೇಳುವ ಮೊದಲ ಹತ್ತು ತಿದ್ದುಪಡಿಗಳು ಅದಕ್ಕೆ ಸೇರಿದ್ದು ೧೭೯೧ರಲ್ಲಿ. ನಮ್ಮ ಸಂವಿಧಾನವನ್ನು ರಚಿಸಿದವರು ಅದನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದರು. ಎರಡೂ ಸಂವಿಧಾನಗಳು ಅರಸನ ಹೆಸರಿನಿಂದಲ್ಲ, 'ಜನರಾದ ನಾವು' ಎಂಬ ಮಾತಿನಿಂದ ಆರಂಭವಾಗುತ್ತವೆ.

ಆದರೆ 'ಜನ' ಎಂದರೆ ಯಾರು? ಅಮೆರಿಕದಲ್ಲಿ ಈ ಪ್ರಶ್ನೆ ರಕ್ತ ಹರಿಸಿತು. ಕರಿಯ ಜನಾಂಗದವರು ಆ ದೇಶದ ಪೌರರಾಗಲಾರರೆಂದು ೧೮೫೭ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತ್ತು. ಅಂತರ್ಯುದ್ಧ ನಡೆದು ಗುಲಾಮಗಿರಿ ಅಳಿದ ಬಳಿಕ ೧೮೬೮ರ ಹದಿನಾಲ್ಕನೆಯ ತಿದ್ದುಪಡಿ ಆ ತಪ್ಪನ್ನು ತಿದ್ದಿತು. ಅದರ ಪ್ರಕಾರ ಅಲ್ಲಿ ಒಬ್ಬನು ದೇಶದ ಪೌರನೂ ಹೌದು, ತಾನು ವಾಸಿಸುವ ರಾಜ್ಯದ ಪೌರನೂ ಹೌದು.

ಅಲ್ಲಿಯೂ ವಲಸೆ ಬಂದ ಬಡವರನ್ನು ಹೊರಗಿಡುವ ಪ್ರಯತ್ನ ನಡೆಯಿತು. ಕ್ಯಾಲಿಫೋರ್ನಿಯಾದಲ್ಲಿ ಬೇರೆ ರಾಜ್ಯದ ನಿರ್ಗತಿಕರನ್ನು ಕರೆತರುವುದೇ ಅಪರಾಧವೆಂಬ ಕಾನೂನಿತ್ತು. ಎಡ್ವರ್ಡ್ಸ್ ಎಂಬಾತ ಟೆಕ್ಸಾಸಿನಲ್ಲಿದ್ದ ತನ್ನ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಕರೆತಂದನೆಂದು ಅವನಿಗೆ ಶಿಕ್ಷೆಯಾಯಿತು. ೧೯೪೧ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರೆಲ್ಲರೂ ಒಮ್ಮತದಿಂದ ಆ ಕಾನೂನನ್ನು ತಳ್ಳಿಹಾಕಿದರು. ಬಡತನ ಅಪರಾಧವಲ್ಲ, ಕೆಲಸ ಹುಡುಕಿ ಬಂದವನಿಗೆ ರಾಜ್ಯದ ಗಡಿಯನ್ನು ಮುಚ್ಚುವಂತಿಲ್ಲ.

ನಮ್ಮಲ್ಲಿ ರಾಜ್ಯದ ಪೌರತ್ವ ಎಂಬುದೇ ಇಲ್ಲ. ಗೋವೆಯ ಪೌರ, ಕರ್ನಾಟಕದ ಪೌರ ಎಂಬ ಬೇರೆ ಬೇರೆ ಜಾತಿಗಳು ಕಾನೂನಿನಲ್ಲಿ ಇಲ್ಲ. ಇರುವುದು ಭಾರತದ ಪೌರ ಎಂಬ ಒಂದೇ ಪದವಿ. ೧೯೮೭ರ ಮೇ ೩೦ರಂದು ಗೋವೆ ದೇಶದ ಇಪ್ಪತ್ತೈದನೆಯ ರಾಜ್ಯವಾದಾಗಲೂ ಇದರಲ್ಲಿ ಬದಲಾವಣೆಯಾಗಲಿಲ್ಲ.

ಸಂವಿಧಾನ ಏನು ಹೇಳುತ್ತದೆ?

ಈ ಕೆಳಗಿನ ವಿಧಿಗಳನ್ನು ಕಂಠಪಾಠ ಮಾಡುವುದಕ್ಕಿಂತ ಅವುಗಳ ಅರ್ಥವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ.

೧೪ನೆಯ ವಿಧಿ: ಕಾನೂನಿನ ಮುಂದೆ ಎಲ್ಲರೂ ಸಮಾನರು. ಇದೂ, ಜೀವ ಮತ್ತು ಸ್ವಾತಂತ್ರ್ಯವನ್ನು ಕಾಪಾಡುವ ೨೧ನೆಯ ವಿಧಿಯೂ ಪೌರರಿಗೆ ಮಾತ್ರವಲ್ಲ, ಈ ನೆಲದ ಮೇಲಿರುವ ಪ್ರತಿ ಮನುಷ್ಯನಿಗೂ ಅನ್ವಯಿಸುತ್ತವೆ.

೧೫ನೆಯ ವಿಧಿ: ಧರ್ಮ, ಜನಾಂಗ, ಜಾತಿ, ಲಿಂಗ ಅಥವಾ ಹುಟ್ಟಿದ ಸ್ಥಳ ಇವುಗಳ ಕಾರಣಕ್ಕಾಗಿಯೇ ಸರಕಾರವು ಯಾವ ಪೌರನಿಗೂ ಭೇದ ಮಾಡಬಾರದು.

೧೯ನೆಯ ವಿಧಿ: ಭಾರತದ ಎಲ್ಲ ಕಡೆ ಸಂಚರಿಸುವ, ಯಾವ ಭಾಗದಲ್ಲಾದರೂ ವಾಸಿಸುವ ಮತ್ತು ನೆಲೆಸುವ ಹಕ್ಕು ಪೌರನಿಗುಂಟು. ಇದಕ್ಕೆ ನ್ಯಾಯಯುತ ನಿರ್ಬಂಧಗಳನ್ನು ಕಾನೂನು ಹಾಕಬಹುದು.

೨೯ ಮತ್ತು ೩೦ನೆಯ ವಿಧಿಗಳು: ತಮ್ಮದೇ ಭಾಷೆಯುಳ್ಳ ಜನ ಅದನ್ನು ಉಳಿಸಿಕೊಳ್ಳಬಹುದು, ಭಾಷಾ ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸಬಹುದು. ೧೯೫೬ರಲ್ಲಿ ಸೇರಿದ ೩೫೦-ಎ ವಿಧಿಯು ಅಂಥ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಕೊಂಕಣಿಯ ನಾಡಿನಲ್ಲಿ ನೀವು ಕನ್ನಡದಲ್ಲಿ ಗಣಿತ ಕಲಿಯುತ್ತಿರುವುದು ಯಾರ ಉಪಕಾರದಿಂದಲೂ ಅಲ್ಲ. ಅದಕ್ಕೆ ಈ ವಿಧಿಗಳ ಆಧಾರವಿದೆ.

ಹುಟ್ಟು ಬೇರೆ, ವಾಸ ಬೇರೆ

ಇಲ್ಲಿ ಪಾಲಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. "ಹಕ್ಕು ಒಂದೇ ಎನ್ನುತ್ತೀರಿ. ಹಾಗಾದರೆ ಸರಕಾರಿ ಸವಲತ್ತು ಕೇಳಿದರೆ ಇಷ್ಟು ವರ್ಷದ ವಾಸದ ದಾಖಲೆ ತನ್ನಿ ಎನ್ನುವುದೇಕೆ?" ಎಂದು ಒಬ್ಬ ತಂದೆ ನನ್ನನ್ನು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ೧೫ನೆಯ ವಿಧಿ ನಿಷೇಧಿಸುವುದು ಹುಟ್ಟಿದ ಸ್ಥಳದ ಮೇಲಿನ ಭೇದವನ್ನು. ವಾಸದ ಮಾತು ಅದರಲ್ಲಿಲ್ಲ. ಮಧ್ಯಭಾರತ ರಾಜ್ಯದ ವೈದ್ಯಕೀಯ ಕಾಲೇಜಿನ ಶುಲ್ಕದ ಬಗ್ಗೆ ನಡೆದ ಡಿ. ಪಿ. ಜೋಶಿ ಪ್ರಕರಣದಲ್ಲಿ, ಹುಟ್ಟಿದ ಸ್ಥಳ ಬೇರೆ, ವಾಸಸ್ಥಳ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯವು ೧೯೫೫ರಲ್ಲಿಯೇ ಹೇಳಿದೆ. ಸರಕಾರಿ ನೌಕರಿಯ ವಿಷಯದಲ್ಲಿ ೧೬ನೆಯ ವಿಧಿ ವಾಸವನ್ನೂ ಹೆಸರಿಸುತ್ತದೆ. ಅಲ್ಲಿ ವಾಸದ ಷರತ್ತು ಹಾಕುವ ಕಾನೂನನ್ನು ಮಾಡುವ ಅಧಿಕಾರ ಸಂಸತ್ತಿಗೆ ಮಾತ್ರ ಉಂಟು.

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ: ಕಾಗದಪತ್ರಗಳನ್ನು ಅಲಕ್ಷಿಸಬೇಡಿರಿ. ಕೂಸು ಹುಟ್ಟಿದ ಕೂಡಲೇ ಜನನ ನೋಂದಣಿ ಮಾಡಿಸಿರಿ. ಬಾಡಿಗೆ ಖೋಲಿಯ ಕರಾರುಪತ್ರ, ಲೈಟ್ ಬಿಲ್ಲು, ಮಕ್ಕಳ ಶಾಲಾ ದಾಖಲೆ ಇವನ್ನು ಮಳೆಗಾಲದಲ್ಲಿ ತೊಯ್ಯದಂತೆ ಕಾಯ್ದಿಡಿರಿ. ಹಕ್ಕು ಸಂವಿಧಾನದಲ್ಲಿದೆ, ನಿಜ. ಆದರೆ ಕಚೇರಿಯ ಕಿಟಕಿಯಲ್ಲಿ ಅದನ್ನು ಕಾಗದದಿಂದಲೇ ತೋರಿಸಬೇಕಾಗುತ್ತದೆ.

ಮತದ ಬೆಲೆ

ಗೋವೆಯವರಿಗೆ ಮತದ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ೧೯೬೭ರ ಜನವರಿ ೧೬ರಂದು ಇಲ್ಲಿ ಜನಮತ ಸಂಗ್ರಹ ನಡೆಯಿತು. ಗೋವೆ ಮಹಾರಾಷ್ಟ್ರದಲ್ಲಿ ಸೇರಬೇಕೋ, ಬೇರೆಯಾಗಿಯೇ ಉಳಿಯಬೇಕೋ ಎಂಬುದೇ ಪ್ರಶ್ನೆ. ವಿಲೀನಕ್ಕೆ ಹೂವಿನ ಗುರುತು. ಬೇರೆಯಾಗಿ ಉಳಿಯಲು ಎರಡೆಲೆಯ ಗುರುತು. ಎರಡೆಲೆಗೆ ೧,೭೨,೧೯೧, ಹೂವಿಗೆ ೧,೩೮,೧೭೦ ಮತಗಳು ಬಿದ್ದವು. ಅಂತರ ಕೇವಲ ೩೪,೦೨೧. ಇಂದು ಗೋವಾ ಎಂಬ ರಾಜ್ಯ ಇದೆಯೆಂದರೆ ಅದಕ್ಕೆ ಆ ಮತಪತ್ರಗಳೇ ತಳಹದಿ.

ನಮ್ಮ ಅನೇಕ ಕುಟುಂಬಗಳ ಸ್ಥಿತಿ ಹೇಗಿದೆ? ದುಡಿಮೆ ಇಲ್ಲಿ, ಮತದಾರರ ಪಟ್ಟಿಯಲ್ಲಿ ಹೆಸರು ಊರಲ್ಲಿ. ಮತದಾನದ ದಿನ ಬಸ್ಸಿಗೆ ದುಡ್ಡಿಲ್ಲದೆ, ಪಗಾರ ಬಿಟ್ಟು ಹೋಗಲಾಗದೆ ಅಲ್ಲಿಯೂ ಮತವಿಲ್ಲ, ಇಲ್ಲಿಯೂ ಇಲ್ಲ. ಕಾನೂನಿನ ಪ್ರಕಾರ ಒಬ್ಬನು ಎಲ್ಲಿ ಸಾಮಾನ್ಯವಾಗಿ ವಾಸಿಸುತ್ತಾನೋ ಅಲ್ಲಿಯ ಪಟ್ಟಿಯಲ್ಲಿ ಅವನ ಹೆಸರಿರಬೇಕು. ಊರಲ್ಲಿ ಸ್ವಂತ ಮನೆ ಇದ್ದ ಮಾತ್ರಕ್ಕೆ ಅಲ್ಲಿಯ ವಾಸಿ ಎನಿಸುವುದಿಲ್ಲ. ಇಲ್ಲಿ ಬಾಡಿಗೆ ಮನೆಯಾದರೂ ಅಡ್ಡಿಯಿಲ್ಲ. ಎರಡು ಕಡೆ ಹೆಸರಿಡುವಂತೆ ಮಾತ್ರ ಇಲ್ಲ. ಹೊಸದಾಗಿ ಹೆಸರು ಸೇರಿಸಲು ನಮೂನೆ ೬, ವಾಸ ಬದಲಾದಾಗ ಹೆಸರನ್ನು ವರ್ಗಾಯಿಸಿಕೊಳ್ಳಲು ನಮೂನೆ ೮ ಇವೆ. ಮತದಾನದ ವಯಸ್ಸು ಮೊದಲು ೨೧ ಇತ್ತು; ೬೧ನೆಯ ತಿದ್ದುಪಡಿಯಿಂದ ೧೯೮೯ರಲ್ಲಿ ೧೮ಕ್ಕೆ ಇಳಿಯಿತು. ಹತ್ತನೆಯ ಇಯತ್ತೆಯ ಮಕ್ಕಳೇ, ನಿಮ್ಮ ಸರದಿ ದೂರವಿಲ್ಲ.

ಹಕ್ಕಿನ ಜೊತೆಗೆ ಕರ್ತವ್ಯ

೧೯೭೬ರಲ್ಲಿ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿದವು. ಭಾಷೆ, ಧರ್ಮ, ಪ್ರಾಂತಗಳ ಭೇದವನ್ನು ದಾಟಿ ಸಹೋದರ ಭಾವವನ್ನು ಬೆಳೆಸುವುದು ಅವುಗಳಲ್ಲೊಂದು. ಈ ಕರ್ತವ್ಯ ನಳದ ಹತ್ತಿರ ಜಗಳವಾಡಿದವರಿಗೂ ಇದೆ, ನಮಗೂ ಇದೆ. ಗೋವೆಯದು ಚಿಕ್ಕ ನಾಡು. ತಮ್ಮ ಭಾಷೆ, ನೆಲ, ನೀರು ಕೈತಪ್ಪಿ ಹೋದೀತೆಂಬ ಅಂಜಿಕೆ ಇಲ್ಲಿಯವರಿಗೆ ಇದ್ದರೆ ಅದು ಕೇವಲ ದ್ವೇಷವಲ್ಲ. ಕೊಂಕಣಿಗೆ ರಾಜಭಾಷೆಯ ಸ್ಥಾನ ೧೯೮೭ರಲ್ಲಿ, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಜಾಗ ೧೯೯೨ರಲ್ಲಿ ಸಿಕ್ಕಿತು. ಎಷ್ಟೋ ಹೋರಾಟದ ಫಲವದು. ಕನ್ನಡ ಉಳಿಯಬೇಕೆನ್ನುವ ನಾವು ಕೊಂಕಣಿಯ ಮೇಲೆ ಅವರಿಗಿರುವ ಪ್ರೀತಿಯನ್ನು ಬೇಗನೆ ಅರ್ಥ ಮಾಡಿಕೊಳ್ಳಬೇಕು. ಕೊಂಕಣಿ ಕಲಿಯಿರಿ. ಅದನ್ನು ಅಂಜಿಕೆಯಿಂದಲ್ಲ, ನೆರೆಹೊರೆಯ ಪ್ರೀತಿಯಿಂದ ಕಲಿಯಿರಿ.

ಕೊನೆಯದಾಗಿ, ಆ ಹುಡುಗನ ಪ್ರಶ್ನೆಗೆ ಉತ್ತರ. ಮಗು, ಈ ಹಕ್ಕುಗಳು ನಿನಗೂ ಇವೆ, ನಿಮ್ಮ ಅವ್ವನಿಗೂ ಇವೆ. ನಿನಗೆ ಹೆಚ್ಚಿಲ್ಲ, ಇನ್ನೊಬ್ಬರಿಗಿಂತ ಕಡಿಮೆಯೂ ಇಲ್ಲ. ಈ ಮಾತನ್ನು ಜಗಳಕ್ಕಾಗಿ ಬಳಸಬೇಡ. ತಲೆ ಎತ್ತಿ, ನಳದ ಮುಂದೆ ನಿನ್ನ ಪಾಳಿಗೆ ನಿಂತುಕೋ. ಇನ್ನೊಬ್ಬರ ಪಾಳಿಯನ್ನೂ ಕಾಯ್ದುಕೊಡು. ಪೌರನೀತಿ ಎಂದರೆ ಅಷ್ಟೇ.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಭಾರತದ ಪೌರತ್ವಕ್ಕೂ ಅಮೆರಿಕದ ಪೌರತ್ವಕ್ಕೂ ಇರುವ ಮುಖ್ಯ ವ್ಯತ್ಯಾಸವೇನು?
೨. ಪೌರರಲ್ಲದವರಿಗೂ ಅನ್ವಯಿಸುವ ಎರಡು ಮೂಲಭೂತ ಹಕ್ಕುಗಳನ್ನು ಹೆಸರಿಸಿರಿ.
೩. ಹುಟ್ಟಿದ ಸ್ಥಳಕ್ಕೂ ವಾಸಸ್ಥಳಕ್ಕೂ ಕಾನೂನು ಮಾಡುವ ಭೇದವನ್ನು ವಿವರಿಸಿರಿ.
೪. ನಿಮ್ಮ ಮನೆಯಲ್ಲಿ ಯಾರ ಯಾರ ಹೆಸರು ಯಾವ ಊರಿನ ಮತದಾರರ ಪಟ್ಟಿಯಲ್ಲಿದೆ? ತಂದೆತಾಯಿಯರನ್ನು ಕೇಳಿ ಬರೆದುಕೊಂಡು ಬನ್ನಿರಿ.