ಒಲೆಗೆ ತಕ್ಕ ಮರದ ಗುಳಿಗೆ

ಆಸ್ಟ್ರಿಯ, ಜರ್ಮನಿಗಳ ಅನೇಕ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಸ್ಪ್ರೂಸ್, ಪೈನ್ ಮೊದಲಾದ ಮೃದುಮರಗಳ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳು. ಇವಕ್ಕೆ ಅಂಟು ಬೇಕಿಲ್ಲ. ಒತ್ತುವಾಗಿನ ಬಿಸಿಗೆ ಮೆದುವಾಗುವ ಮರದೊಳಗಿನ ಲಿಗ್ನಿನ್ನೇ ಕಣಗಳನ್ನು ಬೆಸೆಯುತ್ತದೆ. ಕೊಳ್ಳುವಾಗ ನಾವು ಬಣ್ಣಕ್ಕೆ ಮರುಳಾಗದೆ ಎ1 ದರ್ಜೆಯ ಗುರುತನ್ನು ಅರಸಬೇಕು. ಅದರಲ್ಲಿ ತೇವ ನೂರಕ್ಕೆ 10ನ್ನೂ ಬೂದಿ 0.7ನ್ನೂ ಮೀರಕೂಡದು. ತೇವ ಹೆಚ್ಚಿದಷ್ಟೂ ನೀರನ್ನು ಆವಿಯಾಗಿಸುವುದರಲ್ಲಿಯೇ ಶಾಖ ವ್ಯಯವಾಗುವುದು. ಒಂದು ಹಿಡಿಯನ್ನು ನೀರಿಗೆ ಹಾಕಿ ನೋಡೋಣ: ಚೆನ್ನಾಗಿ ಒತ್ತಿದವು ಮುಳುಗುತ್ತವೆ, ತೇಲುವವು ಸಡಿಲ. ಚೀಲದ ತಳದ ಪುಡಿಯೂ ಇದೇ ದೋಷವನ್ನು ಸಾರುತ್ತದೆ.

ಸಂಗ್ರಹದಲ್ಲಿ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. ಹೊಸ ಗುಳಿಗೆಗಳ, ಮುಖ್ಯವಾಗಿ ಪೈನ್ ಗುಳಿಗೆಗಳ, ಕೊಬ್ಬಿನ ಆಮ್ಲಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸಿದಾಗ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಹೊರಬೀಳುತ್ತದೆ. 2011ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇಂಥ ಉಗ್ರಾಣವನ್ನು ಹೊಕ್ಕ ಮಹಿಳೆಯೊಬ್ಬಳು ಅಸುನೀಗಿದಳು. ಬಾಗಿಲು ತೆರೆದು ಚೆನ್ನಾಗಿ ಗಾಳಿಯಾಡಿಸಿದ ಮೇಲೆಯೇ ಒಳಹೋಗತಕ್ಕದ್ದು.