ಕಾಲು ಗುಂಟೆಯ ತೂಕ



ಶೇಂಗಾ ಕೀಳುವ ಹೊತ್ತಿಗೆ, ಇಲ್ಲವೇ ರಾಗಿ ಕೊಯ್ಯುವ ಹೊತ್ತಿಗೆ, ಸರ್ಕಾರಿ ನೌಕರರೊಬ್ಬರು ಟೇಪು, ಗೂಟ, ಹಗ್ಗ, ತಕ್ಕಡಿ ಹಿಡಿದು ಹೊಲಕ್ಕೆ ಬರುವುದನ್ನು ನೀವು ನೋಡಿರಬಹುದು. ಅವರು ಹೊಲದಲ್ಲಿ ಒಂದು ಸಣ್ಣ ಚೌಕ ಗುರುತು ಮಾಡುತ್ತಾರೆ. ಅಷ್ಟರ ಬೆಳೆಯನ್ನು ಮಾತ್ರ ತೆಗೆಸಿ, ತೂಗಿ, ಮೊಬೈಲಿನಲ್ಲಿ ತುಂಬಿಕೊಂಡು ಹೊರಟುಹೋಗುತ್ತಾರೆ. "ನಾಲ್ಕು ಎಕರೆ ಹೊಲ ಬಿಟ್ಟು ಇಷ್ಟರಲ್ಲಿ ಏನು ತಿಳಿದೀತು?" ಎಂದು ಬದುವಿನ ಮೇಲೆ ನಿಂತವರು ನಗುವುದುಂಟು. ಆದರೆ ಮಳೆ ಕೈಕೊಟ್ಟ ವರ್ಷ ನಿಮ್ಮ ಪಂಚಾಯಿತಿಗೆ ಬೆಳೆ ವಿಮೆಯ ಹಣ ಬರುತ್ತದೆಯೋ ಇಲ್ಲವೋ ಎಂಬುದು ಈ ತಕ್ಕಡಿಯ ಮೇಲೆಯೇ ತೀರ್ಮಾನವಾಗುತ್ತದೆ.

ಇದಕ್ಕೆ ಬೆಳೆ ಕಟಾವು ಪ್ರಯೋಗವೆಂದು ಹೆಸರು. ಚೌಕವು ಬಹುಪಾಲು ಬೆಳೆಗಳಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲ. ಅಂದರೆ ಹೆಚ್ಚುಕಡಿಮೆ ಕಾಲು ಗುಂಟೆ. ಒಂದು ಹೆಕ್ಟೇರಿನಲ್ಲಿ ಇಂಥ ಚೌಕಗಳು 400. ಆದುದರಿಂದ ಚೌಕದಲ್ಲಿ ಸಿಕ್ಕ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ ದೊರೆಯುತ್ತದೆ. ತೂಕದಲ್ಲಿ ಒಂದು ಕಿಲೋ ತಪ್ಪಿದರೆ ಹೆಕ್ಟೇರಿಗೆ ನಾಲ್ಕು ಕ್ವಿಂಟಾಲ್ ತಪ್ಪಿತೆಂದೇ ತಿಳಿಯಿರಿ.

ಅನ್ನ ಬೆಂದಿದೆಯೇ ಎಂದು ನೋಡಲು ನಮ್ಮ ಹೆಣ್ಣುಮಕ್ಕಳು ಇಡೀ ಪಾತ್ರೆಯನ್ನು ಬಗ್ಗಿಸುವುದಿಲ್ಲ. ಒಂದು ಅಗುಳನ್ನು ಹಿಸುಕುತ್ತಾರೆ. ಆದರೆ ಒಲೆಯ ಮೇಲೆ ಒಂದೇ ಕಡೆ ಉರಿ ಹತ್ತಿದ್ದರೆ ಆ ಒಂದು ಅಗುಳು ಸುಳ್ಳು ಹೇಳೀತು. ಹೊಲವೂ ಹಾಗೆಯೇ. ಹಿರಿಯೂರು ಕಡೆಯ ಎರೆ ಭೂಮಿ ಬೇರೆ, ಹೊಸದುರ್ಗ ಕಡೆಯ ಕೆಂಪು ಮಸಾರಿ ಬೇರೆ. ಒಂದೇ ಹೊಲದಲ್ಲಿ ತಗ್ಗಿನ ಸಾಲಿನ ಬೆಳೆ ಬೇರೆ, ದಿಬ್ಬದ ಬೆಳೆ ಬೇರೆ. ಅದಕ್ಕಾಗಿಯೇ ಯಾವ ಸರ್ವೆ ನಂಬರು ಎಂಬುದನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ. ಹೊಲದ ನೈಋತ್ಯ ಮೂಲೆಯಿಂದ ಉದ್ದಕ್ಕೆ ಎಷ್ಟು ಹೆಜ್ಜೆ, ಅಗಲಕ್ಕೆ ಎಷ್ಟು ಹೆಜ್ಜೆ ನಡೆದು ಗೂಟ ಹೊಡೆಯಬೇಕೆಂಬುದೂ ಮೊದಲೇ ಗೊತ್ತಾಗಿರುತ್ತದೆ. ಬಂದ ನೌಕರನಿಗಾಗಲಿ ಹೊಲದ ಯಜಮಾನನಿಗಾಗಲಿ "ಇಲ್ಲಿ ಬೇಡ, ಅಲ್ಲಿ ಹೊಡಿ" ಎನ್ನುವ ಅಧಿಕಾರವಿಲ್ಲ.

ಈ ವಿಧಾನ ಸುಲಭವಾಗಿ ಹುಟ್ಟಿದ್ದಲ್ಲ. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪಿ. ಸಿ. ಮಹಲನೋಬಿಸ್ ಅವರು ಬಂಗಾಳದ ಸೆಣಬಿನ ಹೊಲಗಳಲ್ಲಿ ಮಾದರಿ ಸಮೀಕ್ಷೆ ನಡೆಸಿದರು. ಅವರು ಸಣ್ಣ ತುಂಡುಗಳೇ ಸಾಕೆಂದರು. ಸತಾರ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದ ಪಿ. ವಿ. ಸುಖಾತ್ಮೆ ಅವರು ಇದನ್ನು ಒಪ್ಪಲಿಲ್ಲ. ತುಂಡು ಚಿಕ್ಕದಾದಷ್ಟೂ ಹಗ್ಗದ ಅಂಚಿನ ಗಿಡಗಳನ್ನು ಒಳಗೆ ಸೇರಿಸಿಕೊಳ್ಳುವ ಚಪಲ ಹೆಚ್ಚು, ಇಳುವರಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ ಎಂದು 1946ರಲ್ಲಿ ತೋರಿಸಿಕೊಟ್ಟರು. ಇಬ್ಬರೂ ದೊಡ್ಡ ವಿದ್ವಾಂಸರು. ಆದರೂ ಈ ಜಗಳದಲ್ಲಿ ಹೊಲ ಬಲ್ಲವರು ಸುಖಾತ್ಮೆಯವರ ಪಕ್ಷವೇ ಸರಿಯೆಂದಾರು. ಅಂಚಿನ ಗಿಡ ಯಾರದೆಂಬ ವಾದ ನಮಗೇನು ಹೊಸದೇ?

1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಈಗ ಅದು ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಭಾಗ. ನಮ್ಮ ರಾಜ್ಯದಲ್ಲಿ ಕಟಾವು ಪ್ರಯೋಗದ ಮೇಲ್ವಿಚಾರಣೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ್ದು. ರಾಷ್ಟ್ರೀಯ ಕಚೇರಿಯವರು ಅವುಗಳಲ್ಲಿ ಕೆಲವನ್ನು ಆಯ್ದು ಹೊಲಕ್ಕೇ ಬಂದು ಪರೀಕ್ಷಿಸುತ್ತಾರೆ. ಒಬ್ಬ ಅಳೆದದ್ದನ್ನು ಮತ್ತೊಬ್ಬ ನೋಡಬೇಕೆಂಬ ಈ ಏರ್ಪಾಡು 1973-74ರಿಂದ ಇದೆ.

ಇನ್ನು ಹಣದ ಮಾತು. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ಘಟಕ. ಒಂದು ಪಂಚಾಯಿತಿಗೆ ಒಂದು ಬೆಳೆಗೆ ಕನಿಷ್ಠ ನಾಲ್ಕು ಪ್ರಯೋಗಗಳು. ಲೆಕ್ಕಕ್ಕಾಗಿ ಹೀಗೆಂದುಕೊಳ್ಳಿ: ನಿಮ್ಮ ಪಂಚಾಯಿತಿಯ ಶೇಂಗಾಕ್ಕೆ ಹಿಂದಿನ ವರ್ಷಗಳಿಂದ ಗೊತ್ತು ಮಾಡಿದ ಖಾತರಿ ಇಳುವರಿ ಹೆಕ್ಟೇರಿಗೆ 800 ಕಿಲೋ, ವಿಮೆಯ ಮೊತ್ತ 50,000 ರೂಪಾಯಿ. ಈ ವರ್ಷ ನಾಲ್ಕು ಚೌಕಗಳ ಸರಾಸರಿ ಒಂದೂವರೆ ಕಿಲೋ ಬಂದಿತು. ಅಂದರೆ ಹೆಕ್ಟೇರಿಗೆ 600 ಕಿಲೋ. ನಷ್ಟ ನಾಲ್ಕರಲ್ಲಿ ಒಂದು ಪಾಲು, ಪರಿಹಾರ 12,500 ರೂಪಾಯಿ. ಅದೇ ಬೆಳೆಯನ್ನು ಹಸಿಯಾಗಿ ತೂಗಿ, ಒಣಗಿದ ಮೇಲಿನ ತೂಕಕ್ಕೆ ಇಳಿಸದೆ ಬರೆದು, ಸರಾಸರಿ ಎರಡು ಕಿಲೋ ಆಯಿತೆನ್ನಿ. ಆಗ 800 ಕಿಲೋ ಬೆಳೆದಂತಾಯಿತು, ಪರಿಹಾರ ಸೊನ್ನೆ. ಅರ್ಧ ಕಿಲೋ ನೀರಿನ ತೂಕವು ಆ ಬೆಳೆಗೆ ವಿಮೆ ಮಾಡಿಸಿದ ಇಡೀ ಪಂಚಾಯಿತಿಯ ರೈತರ ಪಾಲನ್ನು ನುಂಗಿಬಿಡುತ್ತದೆ.

ಹಾಗೆಂದು ತೂಕವನ್ನು ಬೇಕೆಂದೇ ಇಳಿಸುವ ಉಪಾಯಕ್ಕೂ ಕೈಹಾಕಬಾರದು. ಖಾತರಿ ಇಳುವರಿಯನ್ನು ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯಿಂದ ಕಟ್ಟುತ್ತಾರೆ. ವರ್ಷ ವರ್ಷವೂ ಕಡಿಮೆ ಬರೆಸುತ್ತ ಹೋದರೆ ಆ ಗೆರೆಯೇ ಕೆಳಗಿಳಿಯುತ್ತದೆ. ನಿಜವಾದ ಬರ ಬಂದಾಗ ತೋರಿಸಲು ನಷ್ಟವೇ ಉಳಿಯುವುದಿಲ್ಲ.

ವಿಮೆಯ ವಿಚಾರ ನಮ್ಮ ನಾಡಿಗೆ ಹಳೆಯದು. ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು ಮಳೆಯ ಲೆಕ್ಕದ ಮೇಲೆ ರೈತರಿಗೆ ವಿಮೆ ಕೊಡುವ ಯೋಜನೆಯನ್ನು 1920ರಲ್ಲೇ ಪುಸ್ತಕವಾಗಿ ಪ್ರಕಟಿಸಿದರು. ಮಳೆಮಾಪಕದ ದಾಖಲೆ ವರ್ಷಗಟ್ಟಲೆ ಇದ್ದುದರಿಂದಲೇ ಅವರಿಗೆ ಅದು ಹೊಳೆಯಿತು. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ 89 ವರ್ಷಗಳಾದವೆಂದು ನಾವು ಹೇಳಬಲ್ಲವರಾದದ್ದೂ ನೀರಿನ ಮಟ್ಟವನ್ನು ಬರೆದಿಟ್ಟವರಿಂದ. ಹೊಳಲ್ಕೆರೆಯ ಅಡಿಕೆ ತೋಟದವರಿಗೆ ಇಂದು ಹವಾಮಾನ ಆಧಾರಿತ ವಿಮೆಯಲ್ಲಿ ತೂಕದ ಬದಲು ಮಳೆಮಾಪಕವೇ ಸಾಕ್ಷಿ. ಅದರ ಮೇಲೆ ಮರದ ಕೊಂಬೆ ಚಾಚದಂತೆ, ಹುಡುಗರು ಕಲ್ಲು ಎಸೆಯದಂತೆ ನೋಡಿಕೊಳ್ಳುವುದು ಊರಿನವರ ಕೆಲಸವೂ ಹೌದು.

ಹಳೆಯ ಅಂಕಿಗಳನ್ನು ಓದುವಾಗ ಒಂದು ಎಚ್ಚರಿಕೆ. 1991ರ ಜನಗಣತಿಯ ಚಿತ್ರದುರ್ಗ ಜಿಲ್ಲೆಯಲ್ಲಿ ದಾವಣಗೆರೆ, ಹರಿಹರ, ಜಗಳೂರು ಸೇರಿದ್ದವು. 1997ರಲ್ಲಿ ಅವು ಬೇರೆ ಜಿಲ್ಲೆಗೆ ಹೋದವು. ಇದನ್ನು ಮರೆತು ಹಿಂದಿನ ಅಂಕಿಯ ಪಕ್ಕದಲ್ಲಿ ಇಂದಿನದನ್ನು ಇಟ್ಟರೆ, ಜಿಲ್ಲೆಯ ಭತ್ತವೂ ಜನವೂ ಎಲ್ಲಿ ಮಾಯವಾದವೆಂದು ಗಾಬರಿಯಾದೀತು.

ಮನೆಗೆ ಬಂದು ಖರ್ಚು, ಸಾಲ, ದನಕರು ಕೇಳುವವರನ್ನು ಕಂಡರೆ ನಮ್ಮವರಿಗೆ ಭಯ. ತೆರಿಗೆ ಬಿದ್ದೀತು, ಪಡಿತರ ಚೀಟಿ ಹೋದೀತು ಎಂದು ಎರಡು ಎಮ್ಮೆ ಇದ್ದಲ್ಲಿ ಒಂದು ಎನ್ನುತ್ತಾರೆ. ಜನಗಣತಿಯಲ್ಲಿ ಕೊಟ್ಟ ವಿವರವನ್ನು ನಿಮ್ಮ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ತರುವಂತಿಲ್ಲವೆಂದು 1948ರ ಕಾಯಿದೆ ಹೇಳುತ್ತದೆ. ಸಮೀಕ್ಷೆಗಳಲ್ಲಿ ಒಬ್ಬೊಬ್ಬರ ವಿವರ ಗುಟ್ಟಾಗಿರಬೇಕೆಂದು 2008ರ ಅಂಕಿಅಂಶ ಸಂಗ್ರಹಣಾ ಕಾಯಿದೆ ಹೇಳುತ್ತದೆ. ಆದರೆ ಬೆಳೆ ಸಮೀಕ್ಷೆಯನ್ನು ಇದರೊಂದಿಗೆ ಬೆರೆಸಬೇಡಿ. ಅದು ನಿಮ್ಮ ಹೆಸರಿನಲ್ಲೇ ಪಹಣಿಗೆ ಸೇರುವ ದಾಖಲೆ.

ಅಂಕಿ ಕೊಡುವವನಿಗೆ ಕರ್ತವ್ಯವಿರುವಂತೆ ಪಡೆಯುವವನಿಗೂ ಇದೆ. 2017-18ರ ಮನೆಖರ್ಚಿನ ಸಮೀಕ್ಷೆಯ ವರದಿಯನ್ನು ಗುಣಮಟ್ಟದ ಕಾರಣ ಹೇಳಿ 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸದೆ ಬಿಟ್ಟಿತು. ಮುಂದಿನ ಸಮೀಕ್ಷೆ ನಡೆದದ್ದು 2022-23ರಲ್ಲಿ. ಲೋಪವಿದ್ದರೆ ಲೋಪವನ್ನೂ ಸೇರಿಸಿ ಪ್ರಕಟಿಸುವುದೇ ಲೇಸಾಗಿತ್ತೆಂದು ನಮ್ಮ ಅಭಿಪ್ರಾಯ. ತೂಗಿದ ಮೇಲೆ ತಕ್ಕಡಿಯ ಮುಳ್ಳನ್ನು ಬಟ್ಟೆಯಿಂದ ಮುಚ್ಚಿದರೆ ಸಂತೆಯಲ್ಲಿ ಯಾರು ಒಪ್ಪುತ್ತಾರೆ?

ಈ ಸಲ ಚೀಟಿ ನಿಮ್ಮ ಸರ್ವೆ ನಂಬರಿಗೆ ಬಿದ್ದರೆ, ನಿಗದಿಯಾದ ದಿನಕ್ಕೆ ಮುಂಚೆ ಬೆಳೆ ಕೀಳಬೇಡಿ; ಕಿತ್ತುಬಿಟ್ಟರೆ ಪ್ರಯೋಗ ತಪ್ಪಿತು. ಗೂಟ ಹೊಡೆಯುವಾಗ ಹತ್ತಿರವೇ ನಿಲ್ಲಿ. ತಕ್ಕಡಿ ಖಾಲಿಯಿದ್ದಾಗ ಸೊನ್ನೆ ತೋರಿಸುವುದೇ ನೋಡಿ. ಶೇಂಗಾ ಆದರೆ ನೆಲದಲ್ಲಿ ಹರಿದು ಉಳಿದ ಕಾಯಿಯನ್ನೂ ಆರಿಸಿ ತೂಕಕ್ಕೆ ಸೇರಿಸಿ. ತೂಕ ಹಸಿಯದೋ ಒಣಗಿದ್ದೋ ಎಂಬುದನ್ನು ಕೇಳಿ, ಬರೆದುಕೊಂಡದ್ದನ್ನು ಓದಿಸಿ, ಆಮೇಲೆ ಸಹಿ ಹಾಕಿ. ವಿಮೆ ಮಾಡಿಸಿದ ಬೆಳೆಯೂ ಬೆಳೆ ಸಮೀಕ್ಷೆಯ ಬೆಳೆಯೂ ಒಂದೇ ಇರುವುದೇ ಎಂದು ಬೆಳೆ ದರ್ಶಕ ಆ್ಯಪಿನಲ್ಲಿ ನೋಡಿ. ಈರುಳ್ಳಿ ಇದ್ದ ಕಡೆ ಮೆಕ್ಕೆಜೋಳವೆಂದು ಬಿದ್ದಿದ್ದರೆ ಅವಧಿ ಮುಗಿಯುವುದರೊಳಗೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಿ, ಗ್ರಾಮ ಆಡಳಿತ ಅಧಿಕಾರಿಗೂ ರೈತ ಸಂಪರ್ಕ ಕೇಂದ್ರಕ್ಕೂ ತಿಳಿಸಿ.