ಉಸಿರಿನ ಕಾಯಿಲೆ: ಪ್ರೋಟೀನ್ ಪುಡಿಯೊಂದೇ ಸಾಲದು

ಸೌದೆ, ಕಲ್ಲಿದ್ದಲ ಒಲೆಗಳ ಮುಂದೆ ವರ್ಷಗಟ್ಟಲೆ ದುಡಿದ ನಮ್ಮ ಹಿರಿಯ ಭಟ್ಟರಲ್ಲಿ ಏದುಸಿರು ಕಾಣುವುದುಂಟು. ಬೀಡಿ-ಸಿಗರೇಟಿನಂತೆ ಒಲೆಯ ಹೊಗೆಯೂ ಸಿ.ಓ.ಪಿ.ಡಿ. ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗೆ ಕಾರಣವಾಗುತ್ತದೆ.

ಇಲ್ಲಿ ಉಸಿರಾಡಲಿಕ್ಕೇ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಊಟ ಸೇರುವುದಿಲ್ಲ, ಓಡಾಟ ಕಡಿಮೆಯಾಗುತ್ತದೆ. ಆಗ ಸ್ನಾಯುಗಳು, ಮುಖ್ಯವಾಗಿ ತೊಡೆಯವು, ಕರಗತೊಡಗುತ್ತವೆ.

ಕಾಯಿಲೆಯಿರುವ ವಯಸ್ಸಾದವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ ಆಹಾರ ತಜ್ಞರು. 50 ಕಿಲೋ ತೂಗುವವರಿಗೆ 60ರಿಂದ 75 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಅಷ್ಟೇ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಇರುತ್ತದೆ. ಅನ್ನ-ತಿಳಿಸಾರಿನಿಂದ ಈ ಲೆಕ್ಕ ತುಂಬುವುದಿಲ್ಲ.

ತೂಕ ತೀರಾ ಇಳಿದವರಿಗೆ ಪ್ರೋಟೀನ್ ಪುಡಿ ನೆರವಾಗುತ್ತದೆ. ಆದರೆ ವೈದ್ಯರು ಹೇಳಿಕೊಟ್ಟ ನಡಿಗೆ, ವ್ಯಾಯಾಮ ಜೊತೆಗಿದ್ದರೆ ಮಾತ್ರ ಸ್ನಾಯುಗಳಿಗೆ ಪೂರ್ಣ ಲಾಭ. ಕಿಡ್ನಿ ತೊಂದರೆಯಿದ್ದವರು ಕೇಳದೆ ತೆಗೆದುಕೊಳ್ಳಬಾರದು. ಹೊಟ್ಟೆ ಬಿರಿಯುವಂತೆ ಉಂಡರೆ ಉಸಿರು ಕಟ್ಟುತ್ತದೆ; ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತಿನ್ನುವುದು ಲೇಸು.

ಮಾಲಕ ಬಾಂಧವರಾದ ನಾವು ಕೆಲಸಗಾರರ ಊಟಕ್ಕೆ ಗಟ್ಟಿ ತೊವ್ವೆ, ಉಸಲಿ, ಮೊಸರು ಬಡಿಸೋಣ. ಅಡುಗೆಮನೆಯ ಹೊಗೆ ಹೊರಹೋಗುವ ವ್ಯವಸ್ಥೆಯನ್ನೂ ಇಂದೇ ನೋಡೋಣ.